ಎಸ್ಸೆಸ್ಸೆಲ್ಸಿ ಮುಗಿಸಿ ಎಲೆಕ್ಟ್ರಿಷಿಯನ್ ಆಗಬೇಕೆನ್ನುವ ಮಕ್ಕಳ ಪೋಷಕರಿಗೆ

ಮಾನ್ಯ ಪೋಷಕರೇ, ನಮಸ್ಕಾರ.

ಫಲಿತಾಂಶ ಬಂದಾಗಿನಿಂದ ನನ್ನ ಕೊಠಡಿಗೆ ಬಂದ ತಂದೆತಾಯಿಯರಲ್ಲಿ ಹಲವರು ಕೇಳಿದ್ದು ಒಂದೇ ಮಾತು. "ಹುಡುಗಗ ಕರೆಂಟಿನ ಕೆಲಸ ಕಲಿಸಬೇಕ್ರಿ ಟೀಚರ್. ಮೂರು ತಿಂಗಳ ಕೋರ್ಸಿಗೆ ಹಾಕಿದ್ರ ಸಾಕಲ್ರೀ? ಎರಡು ವರ್ಷ ಐಟಿಐ, ಅದರ ಮ್ಯಾಲೆ ಅಪ್ರೆಂಟಿಸು, ಅಷ್ಟ್ ದಿನ ಯಾರು ಕಾಯಬೇಕು?" ನಿಂತ ನಿಲುವಿನಲ್ಲಿ ಎರಡು ಮಾತು ಹೇಳಿ ಕಳಿಸಿದ್ದು ನನಗೆ ಸಮಾಧಾನ ತಂದಿಲ್ಲ. ಅದಕ್ಕೇ ಈ ಪತ್ರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹದಿನಾರರ ಮಗು ಈ ಕಸುಬಿಗೆ ಇಳಿಯುವುದಾದರೆ ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಲಿ, ಆಮೇಲೆ ಒಂದು ವರ್ಷ ಕಂಪನಿಯೊಂದರಲ್ಲಿ ಅಪ್ರೆಂಟಿಸ್ ಆಗಿ ಕಲಿಯುತ್ತಲೇ ದುಡಿಯಲಿ. ಮೂರು ತಿಂಗಳ ಕೋರ್ಸು ಮೊದಲ ಮೆಟ್ಟಿಲು ಆಗಬಾರದು.

ಹೀಗೆ ಹೇಳಲು ಕಾರಣ ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಹುಡುಗ. ಅವನಿಗೆ ವಿಜ್ಞಾನ ಕಲಿಸಿದವಳು ನಾನೇ. ಸೈಕಲ್ಲಿನ ಡೈನಮೋ ಬಿಚ್ಚಿ ಮತ್ತೆ ಜೋಡಿಸುವಷ್ಟು ಆಸಕ್ತಿ ಅವನಿಗಿತ್ತು. ಒಂದು ತರಬೇತಿ ಕೇಂದ್ರದ ಅರ್ಜಿ ಹಿಡಿದು ಬಂದಾಗ ಹೆಚ್ಚು ವಿಚಾರಿಸದೆ ದೃಢೀಕರಣದ ಸಹಿ ಹಾಕಿಕೊಟ್ಟೆ. ಮೂರು ತಿಂಗಳಲ್ಲಿ ಸ್ವಿಚ್‌ಬೋರ್ಡ್ ಕಟ್ಟುವುದು, ಪೈಪಿನಲ್ಲಿ ವೈರ್ ಎಳೆಯುವುದು, ಫ್ಯಾನ್ ಕೂರಿಸುವುದು ಕಲಿತು ಬಂದ. ಕಲಿತಷ್ಟನ್ನು ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಊರಿನವರಿಗೆ ಎಲೆಕ್ಟ್ರಿಷಿಯನ್ ಎಂದರೆ ಎಲ್ಲ ಬಲ್ಲವನು. ಬೋರ್‌ವೆಲ್ ಮೋಟರ್ ನೀರು ಎತ್ತುತ್ತಿಲ್ಲವೆಂದು ಒಬ್ಬರು ಹೊಲಕ್ಕೆ ಕರೆದೊಯ್ದರು. ಮೂರು ಫೇಸ್ ಸರಿಯಾಗಿ ಬರದ ಕಡೆ ಎರಡೇ ಫೇಸಿನಲ್ಲಿ ಮೋಟರ್ ಓಡಿಸಲು ಕಂಡೆನ್ಸರ್ ಹಾಕಿರುತ್ತಾರೆ, ನಿಮಗೆ ಗೊತ್ತೇ ಇದೆ. ಹುಡುಗ ಮೇನ್ ಆಫ್ ಮಾಡಿದ. ಬರುವ ಲೈನಿಗೆ ಟೆಸ್ಟರ್ ಹಿಡಿದು ನೋಡಿದ, ಹತ್ತಲಿಲ್ಲ. ಕರೆಂಟ್ ಇಲ್ಲವೆಂದು ಕೈ ಹಾಕಿದ. ಮೇನ್ ಆಫ್ ಆದ ಮೇಲೂ ಕಂಡೆನ್ಸರ್ ತನ್ನೊಳಗೆ ತುಂಬಿಕೊಂಡದ್ದನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದು ಅವನನ್ನು ಹಿಂದಕ್ಕೆ ಒಗೆಯಿತು. ಪಂಪ್‌ಹೌಸಿನ ಕಲ್ಲಿನ ಮೆಟ್ಟಿಲಿಗೆ ಬಿದ್ದು ಬಲಗೈ ಮುರಿಯಿತು.

ಆಸ್ಪತ್ರೆಗೆ ನೋಡಲು ಹೋದಾಗ ಅವನು ಕೇಳಿದ: "ಟೀಚರ್, ನಾ ಮೇನ್ ಆಫ್ ಮಾಡಿದ್ನೆಲ್ರೀ?"

ಅವನಿಗೆ ಹೇಳಿಕೊಟ್ಟದ್ದರಲ್ಲಿ ಅವನು ಏನೂ ತಪ್ಪು ಮಾಡಿರಲಿಲ್ಲ. ಹೇಳಿಕೊಡಲು ಸಮಯವೇ ಇಲ್ಲದ್ದು ಅವನ ಕೈ ಮುರಿಯಿತು. ಕಂಡೆನ್ಸರ್ ಡಿಸ್ಚಾರ್ಜ್ ಮಾಡದೆ, ಅಂದರೆ ತುಂಬಿಕೊಂಡದ್ದನ್ನು ಇಳಿಸದೆ, ಮುಟ್ಟಬಾರದು. ನೀನು ಕೆಲಸದಲ್ಲಿದ್ದಾಗ ಇನ್ನೊಬ್ಬ ಬಂದು ಲೈನ್ ಕೊಡದಂತೆ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಲೈನ್ ಹೋಗಿದ್ದರೂ ಯಾರದೋ ಜನರೇಟರಿನ ಕರೆಂಟ್ ಹಿಂದಿನಿಂದ ಬರಬಹುದೆಂಬ ಅನುಮಾನ ಇರಬೇಕು. ಇಂಥವನ್ನು ಪುಸ್ತಕದಲ್ಲಿ ಓದಿದರೂ ಕೈಗೆ ಹತ್ತುವುದಿಲ್ಲ. ಪಕ್ಕದಲ್ಲಿ ಅನುಭವಸ್ಥರೊಬ್ಬರು ನಿಂತು, ಕೈ ಮುಂದೆ ಹೋದಾಗಲೆಲ್ಲ "ತಡಿ" ಎಂದು ತಿಂಗಳುಗಟ್ಟಲೆ ಹೇಳಬೇಕು. ಅಪ್ರೆಂಟಿಸ್‌ಶಿಪ್ ಎಂದರೆ ನನ್ನ ಮಟ್ಟಿಗೆ ಆ "ತಡಿ" ಎನ್ನುವ ದನಿ.

ಐಟಿಐಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ವಿಜ್ಞಾನ ಮತ್ತು ಗಣಿತ ಓದಿರಬೇಕು. ಮೊದಲ ವರ್ಷ ಸುರಕ್ಷತೆ, ವೈರ್ ಜೋಡಣೆ, ಮನೆ ವೈರಿಂಗ್, ಅರ್ತಿಂಗ್, ಮೀಟರುಗಳು, ಟ್ರಾನ್ಸ್‌ಫಾರ್ಮರ್. ಎರಡನೆಯ ವರ್ಷ ಮೋಟರ್, ಸ್ಟಾರ್ಟರ್, ವೈಂಡಿಂಗ್, ಕಂಟ್ರೋಲ್ ಪ್ಯಾನೆಲ್. ಮುಗಿದ ಮೇಲೆ ಓದು ಮುಂದುವರಿಸಬೇಕೆನಿಸಿದರೆ ಡಿಪ್ಲೊಮಾದ ಎರಡನೆಯ ವರ್ಷಕ್ಕೇ ನೇರ ಪ್ರವೇಶ (ಲ್ಯಾಟರಲ್ ಎಂಟ್ರಿ) ಸಿಗುತ್ತದೆ. ಮೂರು ತಿಂಗಳ ಪ್ರಮಾಣಪತ್ರ ಹಿಡಿದು ಹೋದರೆ ಆ ಬಾಗಿಲು ತೆರೆಯುವುದಿಲ್ಲ.

ಅಪ್ರೆಂಟಿಸ್ ಎಂದರೆ ಪುಕ್ಕಟೆ ದುಡಿಸಿಕೊಳ್ಳುವುದು ಎಂದು ತಿಳಿದವರಿದ್ದಾರೆ. ಹಾಗಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಂಪನಿಗೂ ಕಲಿಯುವವನಿಗೂ ನಡುವೆ ಲಿಖಿತ ಒಪ್ಪಂದ ಆಗಬೇಕು. ಮಗುವಿಗೆ 18 ತುಂಬಿರದಿದ್ದರೆ ಸಹಿ ಹಾಕುವವರು ನೀವು, ಓದಿಯೇ ಹಾಕಿ. ಪ್ರತಿ ತಿಂಗಳು ಶಿಷ್ಯವೇತನ ಕೊಡಬೇಕು. 2019ರ ನಿಯಮಗಳು ಐಟಿಐ ಮುಗಿಸಿದವರಿಗೆ ಕನಿಷ್ಠ 7,000 ರೂಪಾಯಿ ಎಂದು ಗೊತ್ತುಮಾಡಿದವು. ಕೆಲಸದಲ್ಲಿ ಪೆಟ್ಟಾದರೆ ಪರಿಹಾರದ ಹೊಣೆ ಕಂಪನಿಯದು. ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆ, ಪಾಸಾದರೆ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಪ್ರಮಾಣಪತ್ರ. ತರಬೇತಿ ಮುಗಿದ ಮೇಲೆ ಅದೇ ಕಂಪನಿ ನೌಕರಿ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲು ನನಗೆ ಇಷ್ಟವಿಲ್ಲ. ಎಸ್ಸೆಸ್ಸೆಲ್ಸಿ ಆದೊಡನೆ ನೇರವಾಗಿ ಅಪ್ರೆಂಟಿಸ್ ಆಗಲೂ ಕಾಯ್ದೆಯಲ್ಲಿ ದಾರಿಯಿದೆ, ಆದರೆ ದೊಡ್ಡ ಸಂಸ್ಥೆಗಳು ಸಾಮಾನ್ಯವಾಗಿ ಐಟಿಐ ಕೇಳುತ್ತವೆ.

ನಮಗೆ ಹತ್ತಿರದ ಹುಬ್ಬಳ್ಳಿಯನ್ನೇ ನೋಡಿ. ನೈರುತ್ಯ ರೈಲ್ವೆ ತನ್ನ ವರ್ಕ್‌ಶಾಪಿಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳುವಾಗ ಬೇರೆ ಪರೀಕ್ಷೆ ಇಟ್ಟುಕೊಳ್ಳುವುದಿಲ್ಲ. ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕಗಳ ಸರಾಸರಿ ಮೇಲೆ ಪಟ್ಟಿ ಮಾಡುತ್ತದೆ. "ಐಟಿಐಗೆ ಹೋಗೋನಿಗೆ ಹತ್ತನೇ ಮಾರ್ಕ್ಸು ಯಾಕೆ" ಎಂದು ಒಂಬತ್ತನೇ ತರಗತಿಯಲ್ಲೇ ಕೈಬಿಡುವ ಮಕ್ಕಳಿಗೆ ದಯವಿಟ್ಟು ಇದನ್ನು ಹೇಳಿ. ರೈಲ್ವೆಯಲ್ಲಿ ಅಪ್ರೆಂಟಿಸ್ ಮುಗಿಸಿದವರಿಗೆ ಲೆವೆಲ್ 1, ಅಂದರೆ ಮೊದಲ ಹಂತದ ಹುದ್ದೆಗಳಲ್ಲಿ ಶೇ. 20 ಮೀಸಲು ಇದೆ, ಆದರೆ ನೇಮಕಾತಿ ಪರೀಕ್ಷೆ ಬರೆಯಲೇಬೇಕು.

ಇನ್ನು ಕೆಲವರು ಮಗನನ್ನು ಪರಿಚಯದ ವೈರಿಂಗ್ ಮೇಸ್ತ್ರಿಯ ಕೈಕೆಳಗೆ ಬಿಡುತ್ತೀರಿ. ಒಳ್ಳೆಯ ಮೇಸ್ತ್ರಿ ಸಿಕ್ಕರೆ ಹುಡುಗ ನಿಜವಾಗಿಯೂ ಕಲಿಯುತ್ತಾನೆ; ನಾನು ಕಂಡಿದ್ದೇನೆ. ಆದರೆ ನಾಲ್ಕು ವರ್ಷ ಹೆಲ್ಪರ್ ಆಗಿ ಗೋಡೆ ಕೊರೆದರೂ ಅವನ ಕೈಯಲ್ಲಿ ಒಂದು ಕಾಗದ ಇರುವುದಿಲ್ಲ. ಬಿದ್ದರೆ ಕೇಳುವವರಿಲ್ಲ. ಹೊಸ ಮನೆಗೆ ಹೆಸ್ಕಾಂ ವಿದ್ಯುತ್ ಸಂಪರ್ಕ ಬೇಕಾದರೆ ವೈರಿಂಗ್ ಮುಗಿದ ವರದಿಗೆ ಪರವಾನಗಿ ಇರುವ ಗುತ್ತಿಗೆದಾರನೇ ಸಹಿ ಹಾಕಬೇಕು. ಕೆಲಸ ಮಾಡಿದವ ನಿಮ್ಮ ಮಗ, ಸಹಿಯೂ ಅದರ ದುಡ್ಡೂ ಇನ್ನೊಬ್ಬರದು. ನನಗೆ ತುಂಬ ನೋವಾಗುವುದು ಇಲ್ಲೇ.

ಹಾಗೆಂದು ಅಲ್ಪಾವಧಿ ಕೋರ್ಸುಗಳು ಮೋಸ ಎಂದು ನಾನು ಹೇಳುತ್ತಿಲ್ಲ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಇಂಥ ಉಚಿತ ವಸತಿ ತರಬೇತಿಗೆ ದೇಶಕ್ಕೇ ಮಾದರಿಯಾಯಿತು. ನಮ್ಮ ಧಾರವಾಡದಲ್ಲೂ ಅದರ ಕೇಂದ್ರವಿದೆ. ಅಲ್ಲಿಗೆ 18 ತುಂಬಿರಬೇಕು, ಸ್ವಂತ ಉದ್ಯೋಗದ ಮನಸ್ಸಿರಬೇಕು. ಹಲವು ವರ್ಷ ಕೆಲಸ ಮಾಡಿಯೂ ಕಾಗದವಿಲ್ಲದ ಹಿರಿಯ ಮಗನಿಗೆ, ಐಟಿಐ ಮುಗಿಸಿ ಸೋಲಾರ್ ಕಲಿಯಬೇಕೆನ್ನುವವನಿಗೆ ಚಿಕ್ಕ ಕೋರ್ಸು ತಕ್ಕದ್ದೇ. ನೌಕರಿ ಗ್ಯಾರಂಟಿ ಎಂದು ಮೊದಲೇ ಹಣ ಕೇಳುವವರಿಂದ ಮಾತ್ರ ದೂರವಿರಿ.

ಎರಡು ವರ್ಷ ಮನೆಗೆ ದುಡಿಮೆ ಬರುವುದಿಲ್ಲ ಎಂಬ ನಿಮ್ಮ ಕಷ್ಟ ನನಗೆ ಗೊತ್ತು. ಸರ್ಕಾರಿ ಐಟಿಐನಲ್ಲಿ ಶುಲ್ಕ ಕಡಿಮೆ. ವಿದ್ಯಾರ್ಥಿವೇತನ, ಹಾಸ್ಟೆಲ್ ಅರ್ಜಿಗಳನ್ನು ತುಂಬಲು ನಾವು ಶಿಕ್ಷಕರೇ ಕೂತು ಸಹಾಯ ಮಾಡುತ್ತೇವೆ. ಹೆಣ್ಣುಮಕ್ಕಳ ತಂದೆತಾಯಿಯರೂ ಬನ್ನಿ. ಈ ವರ್ಷ ನಮ್ಮ ಶಾಲೆಯ ಇಬ್ಬರು ಹುಡುಗಿಯರು ಈ ಟ್ರೇಡ್ ಬಗ್ಗೆ ನನ್ನನ್ನು ಕೇಳಿದ್ದಾರೆ, ಮನೆಯಲ್ಲಿ ಹೇಳಲು ಹೆದರುತ್ತಿದ್ದಾರೆ.

ಬರುವ ಶನಿವಾರ ಬೆಳಿಗ್ಗೆ 11ಕ್ಕೆ ಶಾಲೆಯ ಪ್ರಯೋಗಾಲಯದಲ್ಲಿ ಸೇರೋಣ. ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಜೆರಾಕ್ಸ್ ತನ್ನಿ, ಮಗುವನ್ನೂ ಕರೆತನ್ನಿ. ಕೈ ಮುರಿದುಕೊಂಡ ಆ ಹುಡುಗ ಈಗ ಐಟಿಐ ಎರಡನೆಯ ವರ್ಷದಲ್ಲಿದ್ದಾನೆ. ಅವನೂ ಬರುತ್ತಾನೆ. ಕಂಡೆನ್ಸರ್ ಅನ್ನು ಹೇಗೆ ಡಿಸ್ಚಾರ್ಜ್ ಮಾಡಬೇಕೆಂದು ಮಕ್ಕಳಿಗೆ ತಾನೇ ತೋರಿಸುತ್ತೇನೆ ಎಂದಿದ್ದಾನೆ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಸರ್ಕಾರಿ ಪ್ರೌಢಶಾಲೆ