ಸಾಮಾನು ಸಾಕು, ಧರೆ ನೋಡು

ಚಿ. ಪ್ರಸನ್ನನಿಗೆ ನಿನ್ನ ಮಾವನ ಆಶೀರ್ವಾದಗಳು.

ಆಪತ್ತಿಗಿರಲಿ ಅಂತ ತಂದ ಸಾಮಾನಿನ ಫೋಟೋ ಕಳಿಸಿದ್ದೀಯಲ್ಲ, ನೋಡಿದೆ. ಮಳೆಗಾಲಕ್ಕೆ ಇಷ್ಟು ಮುಂಚೆ ತಯಾರಿ ಶುರು ಮಾಡಿದ್ದು ಒಳ್ಳೆಯದೇ. ವಯನಾಡಿನ ಗುಡ್ಡ ಕುಸಿತದ ಸುದ್ದಿ ನೋಡಿದ ಮೇಲೆ ನಿನಗೆ ಹೆದರಿಕೆ ಹತ್ತಿದೆ ಅಂತ ಅಕ್ಕ ಹೇಳಿದಳು. ಗುಡ್ಡದ ಮನೆಯವರು ಹೆದರಬೇಕಾದದ್ದೇ.

ಆದರೆ ನನ್ನ ಕಣ್ಣು ಹೋದದ್ದು ನಿನ್ನ ಸಾಮಾನಿನ ಮೇಲಲ್ಲ, ಅದರ ಹಿಂದಿನ ಕಿಟಕಿಯ ಮೇಲೆ. ಚಾಕು, ಟಾರ್ಚು, ನೀರಿನ ಬಾಟಲಿ, ಡಬ್ಬಿ ಊಟ ಎಲ್ಲ ಹಿಂದಿನ ಕೋಣೆಯ ಕಪಾಟಿನಲ್ಲಿ ಚೆಂದ ಜೋಡಿಸಿದ್ದೀಯ. ಕಿಟಕಿಯಾಚೆ ಕೆಂಪು ಮಣ್ಣಿನ ಧರೆ. ಮನೆ ಕಟ್ಟುವಾಗ ಗುಡ್ಡವನ್ನು ಜೆಸಿಬಿಯಲ್ಲಿ ನೆಟ್ಟಗೆ ಕಡಿಸಿದಾಗ ಉಳಿದ ಗೋಡೆಯಂಥ ಬದಿ. ಅದು ಜರಿದರೆ ಮೊದಲು ಮುಚ್ಚಿಹೋಗುವುದೇ ಆ ಕೋಣೆ. ಪಕ್ಕದ ಕೋಣೆಯಲ್ಲಿ ಅಕ್ಕ ಮಲಗುತ್ತಾಳೆ. ಅವಳ ಮಂಚವನ್ನು ಇವತ್ತೇ ಜಗಲಿ ಬದಿಯ ಕೋಣೆಗೆ ಹಾಕಿಸು. ಒಪ್ಪದಿದ್ದರೆ ನನಗೆ ಫೋನ್ ಮಾಡಿ ಕೊಡು.

ತಯಾರಿ ಮಾಡುವವರು ಸುಮಾರು ಜನ ಎಡವುವುದು ಇಲ್ಲೇ. ನಮ್ಮ ಮನೆಗೆ ಯಾವ ಆಪತ್ತು ಬಂದೀತು ಅಂತ ಕೂತು ಯೋಚಿಸುವುದಿಲ್ಲ, ಸೀದಾ ಅಂಗಡಿಗೆ ಹೋಗುತ್ತಾರೆ. ನೀನು ನೋಡುವ ವಿಡಿಯೋಗಳಲ್ಲಿ ಒಬ್ಬ ಚಾಕು ಹಿಡಿದು ಕಾಡಿಗೆ ಓಡುತ್ತಾನೆ. ನಮ್ಮ ಕಡೆ ಆಷಾಢದಲ್ಲಿ ಕಾಡಿಗೆ ಹೋಗಿ ಏನು ಮಾಡ್ತೀಯ? ಉಂಬಳಕ್ಕೆ, ಅಂದರೆ ಜಿಗಣೆಗೆ, ರಕ್ತ ಕೊಡಬೇಕಷ್ಟೆ. ನಮಗೆ ಬರುವ ಕಷ್ಟ ಬೇರೆ. ವಾರಗಟ್ಟಲೆ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ, ರಸ್ತೆಗೆ ಮರ ಬಿದ್ದಿದೆ, ಹಳ್ಳ ಉಕ್ಕಿದೆ. ಆಗುಂಬೆ ಕಡೆ ವರ್ಷಕ್ಕೆ 7000 ಮಿ.ಮೀ. ಆಸುಪಾಸು ಮಳೆ. ಅದರಲ್ಲಿ ಹೆಚ್ಚಿನ ಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ.

ಧರೆಯ ವಿಷಯ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ತಪ್ಪುತ್ತದೆ. ನೀರು ಒಳಗಿಳಿದಷ್ಟೂ ಮಣ್ಣಿನ ತೂಕ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಕುಸಿದದ್ದು ಹೆದ್ದಾರಿಗಾಗಿ ಕಡಿದ ಗುಡ್ಡ. ರಸ್ತೆ ಬದಿಯ ಚಹಾ ಹೋಟೆಲು ಮಣ್ಣು ಪಾಲಾಯಿತು, ಲಾರಿ ಗಂಗಾವಳಿ ಹೊಳೆಗೆ ಹೋಯಿತು. ನಿನ್ನ ಧರೆ ಅಷ್ಟು ದೊಡ್ಡದಲ್ಲ, ನಿಜ. ಒಂದು ಕೋಣೆ ಮುಚ್ಚಲು ಅಷ್ಟು ಬೇಕಾಗಿಯೂ ಇಲ್ಲ.

ಧರೆಯ ಮೇಲಿನ ಹುಲ್ಲಿನ ಬ್ಯಾಣದಲ್ಲಿ ಇಂಗುಗುಂಡಿ ತೋಡಿಸಿದ್ದೀಯಲ್ಲ, ಅದನ್ನು ಮುಚ್ಚಿಸು. ಸಮತಟ್ಟಾದ ಜಾಗದಲ್ಲಿ ಅದು ಒಳ್ಳೆಯ ಕೆಲಸ. ಕಡಿದ ಧರೆಯ ನೆತ್ತಿಯಲ್ಲಿ ನೀರು ಇಂಗಿಸುವುದು ಮಾತ್ರ ಅಪಾಯ. ಬದಲಿಗೆ ಮೇಲಂಚಿನಿಂದ ಸ್ವಲ್ಪ ಹಿಂದೆ ಒಂದು ಕಾಲುವೆ ಹೊಡೆಸಿ, ಮಳೆನೀರನ್ನು ಪಕ್ಕದ ಹಳ್ಳಕ್ಕೆ ತಿರುಗಿಸು. ದರಗು, ಒಣಗಿದ ಎಲೆ ತುಂಬಿ ಕಟ್ಟಿಕೊಳ್ಳದ ಹಾಗೆ ಆಗಾಗ ಬಿಡಿಸುತ್ತಿರಬೇಕು. ನೀನು ಕೊಂಡ ಎಲ್ಲ ಸಾಮಾನಿಗಿಂತ ಇದಕ್ಕೆ ಖರ್ಚು ಕಡಿಮೆ, ಪ್ರಯೋಜನ ಜಾಸ್ತಿ.

ಮಳೆ ಹಿಡಿದ ಮೇಲೆ, ನಡುವೆ ಬಿಟ್ಟು ಹೊಳವಾದಾಗಲೆಲ್ಲ ಒಂದು ಸುತ್ತು ನೋಡಿ ಬಾ. ನೆಲದಲ್ಲಿ ಹೊಸ ಬಿರುಕು, ವಾಲಿದ ಮರ ಅಥವಾ ಕಂಬ, ಹಿಂದೆ ಒರತೆಯೇ ಇಲ್ಲದ ಕಡೆ ಒಸರುವ ಕೆಸರು ನೀರು, ನಿನ್ನೆಯವರೆಗೆ ಸರಿಯಿದ್ದು ಇವತ್ತು ಬಿಗಿಯಾದ ಬಾಗಿಲು. ಇವುಗಳಲ್ಲಿ ಒಂದು ಕಂಡರೂ ಮನೆ ಬಿಡು. ಜೋರು ಮಳೆಯ ನಡುವೆ ಹಳ್ಳದ ನೀರು ದಿಢೀರನೆ ಇಳಿದರೆ ಖುಷಿಪಡಬೇಡ. ಮೇಲೆಲ್ಲೋ ಮಣ್ಣು ಜರಿದು ನೀರಿಗೆ ಅಡ್ಡ ಕಟ್ಟಿರಬಹುದು.

ವಯನಾಡಿನಲ್ಲಿ ಗುಡ್ಡ ಬಂದದ್ದು ನಡುರಾತ್ರಿ ಕಳೆದ ಮೇಲೆ, ಜನ ನಿದ್ದೆಯಲ್ಲಿದ್ದಾಗ. ಹಾಗಾಗಿ ಸಂಶಯ ಬಂದ ದಿನ ಬೆಳಕಿರುವಾಗಲೇ ಹೊರಡಬೇಕು. ಯಾರ ಮನೆಗೆ, ಯಾವ ದಾರಿಯಲ್ಲಿ, ಅಕ್ಕನ ಕೈ ಹಿಡಿಯುವವರು ಯಾರು, ಕೊಟ್ಟಿಗೆಯಲ್ಲಿ ದನಗಳ ಕಣ್ಣಿ ಬಿಚ್ಚುವವರು ಯಾರು, ಇದೆಲ್ಲ ಈಗಲೇ ತೀರ್ಮಾನ ಆಗಿರಲಿ. ಏನೂ ಆಗದೆ ಮರುದಿನ ವಾಪಸ್ ಬಂದರೆ ಊರವರು ನಗಬಹುದು. ನಗಲಿ ಬಿಡು. ಹಳ್ಳ ತುಂಬಿದಾಗ ಹಳ್ಳ ದಾಟುವ ಮರದ ಕಾಲುಸಂಕದ ದಾರಿ ಲೆಕ್ಕಕ್ಕೇ ಬೇಡ. ಕಾರನ್ನೂ ಹರಿಯುವ ನೀರಿಗೆ ಇಳಿಸಬೇಡ. ಮೊಣಕಾಲು ಮಟ್ಟದ ಸೆಳೆತ ಸಾಕು, ಸಣ್ಣ ಕಾರು ಎದ್ದು ಹೋಗುತ್ತದೆ.

ಇನ್ನು ಅಕ್ಕನ ಇನ್ಸುಲಿನ್. ನಿನ್ನ ಪಟ್ಟಿಯಲ್ಲಿ ಆರು ಟಾರ್ಚು ಇದೆ, ಇದು ಇಲ್ಲ! ಕರೆಂಟ್ ಹೋಗಿ ಫ್ರಿಜ್ ನಿಂತರೆ ಗಾಬರಿ ಬೇಡ. ಬಳಸಲು ಶುರು ಮಾಡಿದ ಬಾಟಲಿ 25 ಡಿಗ್ರಿ ಒಳಗಿನ ತಂಪಿನಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಕೆಡುವುದಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಗಳೇ ತಂಪು. ಒಲೆಯಿಂದ ದೂರ ಇಟ್ಟರಾಯಿತು. ಐಸಿಗೆ ತಾಗಿಸಿ ಮಾತ್ರ ಇಡಬೇಡ, ಒಮ್ಮೆ ಹೆಪ್ಪುಗಟ್ಟಿದರೆ ಬಿಸಾಡಬೇಕು. ಅವಳದ್ದು ಯಾವ ಬಗೆಯದು, ಎಷ್ಟು ದಿನ ಇರುತ್ತದೆ ಅಂತ ಡಾಕ್ಟರನ್ನು ಕೇಳಿ ಬರೆದಿಟ್ಟುಕೋ. ಒಂದು ತಿಂಗಳಿಗಾಗುವಷ್ಟು ಮಾತ್ರೆ, ಸಿರಿಂಜು ಮನೆಯಲ್ಲಿರಲಿ.

ಡಬ್ಬಿ ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ಕ ಅದನ್ನು ಮುಟ್ಟುವವಳಲ್ಲ. ಗಂಜಿಗೆ ಅಕ್ಕಿ, ಅಪ್ಪೆಮಿಡಿ, ಹಪ್ಪಳ, ಒಂದು ಮೂಲೆ ಒಣ ಸೌದೆ ಇದ್ದರೆ ಹದಿನೈದು ದಿನ ದೂಡಬಹುದು. ಬೆಂಕಿ ಹೊತ್ತಿಸುವ ಕಲ್ಲು ತರಿಸಿದ್ದೀಯ, ಸೌದೆ ಒದ್ದೆಯಾದರೆ ಆ ಕಲ್ಲಿನಿಂದ ಏನು ಹೊತ್ತಿಸ್ತೀಯ? ನೀರಿನ ಕಡೆ ಗಮನ ಕೊಡು. ಗುಡ್ಡದ ಝರಿಯಿಂದ ಬರುವ ಅಬ್ಬಿ ನೀರಿನ ಪೈಪು ಮೊದಲ ನೆರೆಗೇ ಕಿತ್ತುಹೋಗುತ್ತದೆ, ಬಾವಿ ರಾಡಿಯಾಗುತ್ತದೆ. ಸೂರಿನ ನೀರು ಹಿಡಿಯಲು ಒಂದು ಶುದ್ಧ ಡ್ರಮ್ಮು ಇಡು. ಬಟ್ಟೆಯಲ್ಲಿ ಸೋಸಿ, ಕೊತಕೊತ ಕುದಿಸಿ ಕುಡಿಯಿರಿ.

ಜನರೇಟರನ್ನು ಮಳೆಗೆ ನೆನೆಯುತ್ತದೆ ಅಂತ ಮನೆಯೊಳಗೆ ಓಡಿಸಬೇಡ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯೂ ಬೇಡ. ಇವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿಗೆ ವಾಸನೆ ಇಲ್ಲ, ಮಲಗಿದವರು ಏಳುವುದಿಲ್ಲ.

ಮಳೆ ಶುರುವಾಗುವ ಮೊದಲು ಒಂದು ಸಂಜೆ ಮೇನ್ ಸ್ವಿಚ್ ಆಫ್ ಮಾಡಿ, ಮೊಬೈಲ್ ಪಕ್ಕಕ್ಕಿಟ್ಟು ಬೆಳಗಿನವರೆಗೆ ಕಳೆದು ನೋಡಿ. ಯಾವುದಿಲ್ಲ, ಯಾವುದು ಸುಮ್ನೆ ತಂದದ್ದು ಅಂತ ಒಂದೇ ರಾತ್ರಿಯಲ್ಲಿ ಗೊತ್ತಾಗುತ್ತದೆ.

ಸಾಮಾನು ತಂದ ವಿಷಯ ಯಾರಿಗೂ ಹೇಳಬೇಡಿ ಅಂತ ಬರೆದಿದ್ದೀಯ. ಅದು ನನಗೆ ಸರಿ ಕಾಣಲಿಲ್ಲ. ರಸ್ತೆಗೆ ಮರ ಬಿದ್ದರೆ ಇಲಾಖೆಯವರಿಗಿಂತ ಮೊದಲು ಗರಗಸ ಹಿಡಿದು ಬರುವವರು ಕೆಳಮನೆಯವರು. ಧರೆ ಜರಿದರೆ ಹಾರೆ ಹಿಡಿಯುವವರೂ ಅವರೇ. ಹೋಗಿ ಮಾತಾಡು, ಒಂದು ಟಾರ್ಚು ಕೊಟ್ಟು ಬಾ. ಅವರ ನಂಬರು, ಜೊತೆಗೆ 112, ಜಿಲ್ಲಾ ಸಹಾಯವಾಣಿ 1077, ಇಷ್ಟನ್ನೂ ಕಾಗದದಲ್ಲಿ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸು.

ಮೃಗಶಿರ ಹತ್ತಿರ ಬಂದರೆ ಎಲ್ಲರಿಗೂ ತೋಟದ ಕೆಲಸ, ಆಳು ಸಿಗುವುದಿಲ್ಲ. ಕಾಲುವೆ ತೋಡಲು ನನ್ನ ಕಡೆಯಿಂದ ಇಬ್ಬರನ್ನು ಕಳಿಸಬೇಕಾ, ಈ ವಾರದೊಳಗೆ ತಿಳಿಸು.

ಇಂತಿ,
ನಿನ್ನ ಮಾವ
ಹೊಸನಗರ