ನಲವತ್ತು ಎಣಿಸು ಅಂದಿದ್ದೆ

ಹೊಳಲ್ಕೆರೆ
ಶುಕ್ರವಾರ, ಬೆಳಗಿನ ಜಾವ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ನಿಮ್ಮಮ್ಮ ನಿನ್ನೆ ರಾತ್ರಿ ಎಲ್ಲ ಹೇಳಿದಳು. ನಿನಗೆ ರಾತ್ರಿ ಎರಡು ಗಂಟೆಗೆ ಎದೆ ಹೊಡಕೊಂಡು ಎಚ್ಚರವಾಗುತ್ತಂತೆ, ಉಸಿರು ಸಿಗೋದೇ ಇಲ್ಲ ಅನ್ನಿಸುತ್ತಂತೆ. ಇಸಿಜಿಯಲ್ಲಿ ಏನೂ ಇಲ್ಲ, ಇದು ಆತಂಕ, ದಿನಾ ಸ್ವಲ್ಪ ಯೋಗ, ಧ್ಯಾನ ಮಾಡಿ ಅಂದರಂತೆ ಅಲ್ಲಿನ ಡಾಕ್ಟರು. "ಅಪ್ಪನಿಗೆ ಮಾತ್ರ ಹೇಳಬೇಡ" ಅಂದೆಯಂತೆ. ಅವಳ ಮೇಲೆ ಸಿಟ್ಟಾಗಬೇಡ, ಹೊಟ್ಟೆಯಲ್ಲಿ ಇಟ್ಟುಕೊಳ್ಳೋಕೆ ಆಗಲಿಲ್ಲ ಅವಳಿಗೆ. ನನಗೂ ನಿದ್ದೆ ಬರಲಿಲ್ಲ.

ನೀನು ಜರ್ಮನಿಗೆ ಹೊರಡುವ ಹಿಂದಿನ ರಾತ್ರಿಯ ಮಾತು ಮತ್ತೆ ಬೇಡ. ಸೂಟ್‌ಕೇಸಿನಿಂದ ನೀನು ತೆಗೆದಿಟ್ಟ ನವಲಗುಂದದ ಜಮಖಾನೆ ಮಂಚದ ಮೇಲೆ ಹಾಗೇ ಇದೆ. ನಾನು ಬರೆಯಬೇಕಾದದ್ದು ಅದಕ್ಕಿಂತ ಹಳೆಯದು.

ನೀನಾಗ ಏಳನೇ ಕ್ಲಾಸು. ತಾಲ್ಲೂಕು ಮಟ್ಟದ ಯೋಗ ಸ್ಪರ್ಧೆಗೆ ಎಂಟು ದಿನ ಉಳಿದಿತ್ತು. ಪಡಸಾಲೆಯಲ್ಲಿ ನೀನು ಶೀರ್ಷಾಸನದಲ್ಲಿ, ಎದುರಿಗೆ ಕೊರಳಿಗೆ ಸ್ಟಾಪ್‌ವಾಚು ಹಾಕಿಕೊಂಡು ನಾನು. ಮೂರು ನಿಮಿಷ ನಿಲ್ಲಬೇಕು ಅನ್ನೋದು ನನ್ನ ಹಠ. ಎರಡು ನಿಮಿಷ ಇಪ್ಪತ್ತು ಸೆಕೆಂಡಿಗೆ "ಅಪ್ಪಾ, ಸಾಕು" ಅಂದೆ. "ಇನ್ನು ನಲವತ್ತು ಎಣಿಸು" ಅಂದೆ ನಾನು. ನೀನು ಎಣಿಸಿದೆ, ಪುಟ್ಟಿ. ಹದಿನೇಳರವರೆಗೆ ನನಗೆ ಕೇಳಿಸಿತು. ಆಮೇಲೆ ಒರಳುಕಲ್ಲಿನ ಕಡೆ ವಾಲಿ ಬಿದ್ದೆ.

ಮಕ್ಕಳು ಬೀಳುತ್ತಾರೆ. ಮೂವತ್ತು ವರ್ಷ ವ್ಯಾಯಾಮದ ಮೇಷ್ಟ್ರಾಗಿದ್ದವನು, ಎಷ್ಟೋ ಮಕ್ಕಳನ್ನು ಎತ್ತಿ ಕೂರಿಸಿದ್ದೇನೆ. ಆದರೆ ಅವತ್ತು ನೀನು ಬಿದ್ದ ಸದ್ದಿಗೆ ನಾನು ಮೊದಲು ನೋಡಿದ್ದು ಗಡಿಯಾರವನ್ನು. ಎರಡು ನಿಮಿಷ ಮೂವತ್ತೇಳು. ಅದನ್ನು ನೋಡಿ, ಗುಂಡಿ ಒತ್ತಿ ನಿಲ್ಲಿಸಿ, ಆಮೇಲೆ ನಿನ್ನ ಕಡೆ ತಿರುಗಿದೆ. ನೀನು ನನ್ನನ್ನೇ ನೋಡುತ್ತಿದ್ದೆ. "ಏಳು, ಏನೂ ಆಗಿಲ್ಲ" ಅಂದೆ. ಹದಿನೈದು ದಿನ ಕುತ್ತಿಗೆ ತಿರುಗಿಸೋಕಾಗದೆ ಮೈಯನ್ನೇ ತಿರುಗಿಸಿ ಮಾತಾಡಿಸುತ್ತಿದ್ದೆ ನೀನು. ಏನೂ ಆಗಿಲ್ಲ ಅಂದೆನಲ್ಲ, ಆ ಮಾತನ್ನು ನಾನು ಇವತ್ತಿನವರೆಗೂ ವಾಪಸ್ ತಗೊಂಡಿಲ್ಲ. ಈಗ ತಗೊಳ್ಳುತ್ತಿದ್ದೇನೆ. ತಪ್ಪು ನನ್ನದು. ಶೀರ್ಷಾಸನದಲ್ಲಿ ಭಾರ ಮುಂದೋಳಿನ ಮೇಲಿರಬೇಕು, ನೆತ್ತಿಯ ಮೇಲಲ್ಲ. ನಿನ್ನ ಮೊಣಕೈಗಳು ಅಗಲವಾಗಿ ಜಾರಿದ್ದವು. ನನಗೆ ಅದು ಕಾಣಿಸುತ್ತಿತ್ತು.

ಈಗ ಹೇಳುವುದನ್ನು ಮೇಷ್ಟ್ರ ಮಾತು ಅಂದುಕೊಳ್ಳಬೇಡ. ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡ, ಅವರು ಕರೆದಾಗ ಹೋಗು. ಯೋಗ ಮಾತ್ರೆಗೆ ಬದಲಿಯಲ್ಲ. ಶುರು ಮಾಡುವುದಾದರೆ ಇಪ್ಪತ್ತೇ ನಿಮಿಷ ಸಾಕು, ಒಂದು ಗಂಟೆ ಅಂತ ಹೊರಟರೆ ನಾಲ್ಕನೇ ದಿನಕ್ಕೆ ನಿಂತುಹೋಗುತ್ತೆ. ಕೋಣೆಯಲ್ಲಿ ಒಂದು ಜಾಗ ಗೊತ್ತು ಮಾಡಿಕೋ, ಅಲ್ಲಿ ಫೋನು ಬೇಡ. ಹೊಟ್ಟೆ ಖಾಲಿ ಇರಲಿ. ಹ್ಯಾಂಬರ್ಗ್‌ನಲ್ಲಿ ಈಗ ಎಂಟಾದರೂ ಬೆಳಕಾಗೋಲ್ಲ ಅಂತೀಯ, ಆ ಚಳಿಯಲ್ಲಿ ಎದ್ದ ಕೂಡಲೇ ಬಗ್ಗಿದರೆ ಸೊಂಟ ಹಿಡಿಯುತ್ತೆ. ಮೊದಲು ಭುಜ, ಸೊಂಟ, ಮಂಡಿ ಸಡಿಲ ಮಾಡು. ಆಮೇಲೆ ನಾಲ್ಕು ಸೂರ್ಯನಮಸ್ಕಾರ, ನಿಧಾನಕ್ಕೆ. ಕೆಳಗಿನ ಮನೆಯವರು ಸದ್ದಿಗೆ ಬೈತಾರೆ ಅಂದಿದ್ದೆಯಲ್ಲ, ಕಾಲನ್ನು ಹಾರಿಸಿ ಹಿಂದಕ್ಕೆ ಒಯ್ಯಬೇಡ, ಒಂದೊಂದಾಗಿ ಸರಿಸು. ಒಂದು ತ್ರಿಕೋನಾಸನ, ಒಂದು ಭುಜಂಗಾಸನ, ಕೊನೆಗೆ ಐದು ನಿಮಿಷ ಶವಾಸನ. ಶವಾಸನವನ್ನು ಯಾವತ್ತೂ ಬಿಡಬೇಡ, ಎದ್ದು ಓಡುವ ಆತುರ ನಿನಗೆ ನನ್ನಿಂದಲೇ ಬಂದಿದ್ದು. ಮುಟ್ಟಿನ ದಿನಗಳಲ್ಲಿ ಬರೀ ಮಲಗಿ ಉಸಿರು ನೋಡಿದರೂ ಸಾಕು. ಶೀರ್ಷಾಸನ ಬೇಡವೇ ಬೇಡ.

ಪ್ರಾಣಾಯಾಮದಲ್ಲಿ ರಭಸವಾಗಿ ಉಸಿರಾಡುವ ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಮುಟ್ಟಬೇಡ. ಎದೆ ಹೊಡಕೊಳ್ಳುವವರಿಗೆ ಅದು ಇನ್ನಷ್ಟು ದಿಗಿಲು ಹುಟ್ಟಿಸುತ್ತೆ. ನಾಡಿಶೋಧನ ಮಾಡು, ಒಂದೊಂದೇ ಹೊಳ್ಳೆಯಲ್ಲಿ ಸರದಿಯಂತೆ ಉಸಿರಾಡೋದು: ಬಲಗೈ ಹೆಬ್ಬೆರಳಿಂದ ಬಲ ಹೊಳ್ಳೆ ಮುಚ್ಚು, ಉಂಗುರದ ಬೆರಳಿಂದ ಎಡ ಹೊಳ್ಳೆ. ಉಸಿರು ಕಟ್ಟಿ ಹಿಡಿಯುವ ಕುಂಭಕ ಬೇಡ. ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊತ್ತು ಹೊರಕ್ಕೆ. ಬಿಡುವ ಉಸಿರು ಉದ್ದವಾದಷ್ಟೂ ಎದೆಬಡಿತ ತಗ್ಗುತ್ತೆ. ಕಷ್ಟವಾದರೆ ಎಣಿಕೆಯನ್ನೇ ಬಿಟ್ಟುಬಿಡು. ನಾನು ಎಣಿಸಿದ್ದೇ ಸಾಕು.

ಧ್ಯಾನಕ್ಕೆ ಕೂತಾಗ ಯೋಚನೆ ನಿಲ್ಲಬೇಕು ಅಂತ ಯಾರಾದರೂ ಅಂದರೆ ನಂಬಬೇಡ. ನನಗೆ ನಲವತ್ತು ವರ್ಷದಲ್ಲಿ ನಿಂತಿಲ್ಲ. ಮೂಗಿನ ತುದಿಯಲ್ಲಿ ಉಸಿರು ತಣ್ಣಗೆ ಒಳಗೆ ಹೋಗುತ್ತೆ, ಬೆಚ್ಚಗೆ ಹೊರಗೆ ಬರುತ್ತೆ, ಅದನ್ನು ನೋಡು. ಮನಸ್ಸು ಆಚೆ ಹೋಯಿತು ಅಂತ ಗೊತ್ತಾದಾಗ ವಾಪಸ್ ಬಾ, ಬೈಕೊಳ್ಳದೆ ಬಾ. ಕಣ್ಣು ಮುಚ್ಚಿದರೆ ಭಯವಾಗುವುದಾದರೆ ತೆರೆದೇ ಇರಲಿ. ರಾತ್ರಿ ಎರಡಕ್ಕೆ ಎಚ್ಚರವಾದಾಗ ಧ್ಯಾನ ಅಂತ ಕೂರಬೇಡ. ದೀಪ ಹಾಕು, ಪಾದ ನೆಲಕ್ಕೆ ಊರು, ನೀರು ಕುಡಿ. ಫೋನ್ ಮಾಡು. ಇಲ್ಲಿ ಆರೂವರೆ ಆಗಿರುತ್ತೆ, ನಾನು ಎದ್ದೇ ಇರುತ್ತೇನೆ.

1985ರಲ್ಲಿ ಮಲ್ಲಾಡಿಹಳ್ಳಿ ಯೋಗ ಶಿಬಿರದಲ್ಲಿ ನಾವೆಲ್ಲ ಒಂದು ಸೂತ್ರ ಬಾಯಿಪಾಠ ಮಾಡಿದ್ದೆವು. ಯೋಗಸೂತ್ರ ಬರೆದ ಪತಂಜಲಿಯದು, ಅಭ್ಯಾಸ ಗಟ್ಟಿಯಾಗೋದು ಹೇಗೆ ಅಂತ: "ಸ ತು ದೀರ್ಘಕಾಲನೈರಂತರ್ಯಸತ್ಕಾರಾಸೇವಿತೋ ದೃಢಭೂಮಿಃ". ತುಂಬಾ ಕಾಲ ಮಾಡಬೇಕು, ಬಿಡದೆ ಮಾಡಬೇಕು, ಸತ್ಕಾರದಿಂದ ಮಾಡಬೇಕು. ಮೊದಲಿನ ಎರಡನ್ನು ಶಾಲೆಯಲ್ಲೂ ಮನೆಯಲ್ಲೂ ಎಷ್ಟು ಸಲ ಒದರಿದ್ದೇನೋ. ಮೂರನೆಯದನ್ನು ನಿನ್ನೆ ರಾತ್ರಿ ಮೊದಲ ಸಲ ಕಿವಿಗೊಟ್ಟು ಕೇಳಿದ ಹಾಗಾಯಿತು. ಸತ್ಕಾರ ಅಂದರೆ ಮನೆಗೆ ಬಂದವರಿಗೆ ಮಾಡೋದು. ಕಾಲಿಗೆ ನೀರು ಕೊಡೋದು, ಚಾಪೆ ಹಾಸೋದು. ಸುಸ್ತಾಗಿ ಬಂದವರನ್ನು ಯಾರೂ ತಲೆಕೆಳಗಾಗಿ ನಿಲ್ಲಿಸೋಲ್ಲ. ಮೈಸೂರಿನ ಯೋಗಗುರು ಪಟ್ಟಾಭಿ ಜೋಯಿಸರು ಎಷ್ಟು ಕಟ್ಟುನಿಟ್ಟು, ಅವರ ಪದ್ಧತಿಯಲ್ಲೂ ಅಮಾವಾಸ್ಯೆ, ಹುಣ್ಣಿಮೆಗೆ ಅಭ್ಯಾಸಕ್ಕೆ ರಜೆ ಇದೆ. ನಾನು ನಿನಗೆ ಜ್ವರ ಬಂದ ದಿನವೂ ರಜೆ ಕೊಡಲಿಲ್ಲ.

ನಮ್ಮ ಮನೆತನದಲ್ಲಿ ಪಾಸ್‌ಪೋರ್ಟ್ ಮಾಡಿಸಿದ ಮೊದಲನೆಯವಳು ನೀನು. ಒಬ್ಬಳೇ ಹೋಗಿ, ಅವರ ಭಾಷೆ ಕಲಿತು, ಮನೆ ಹುಡುಕಿಕೊಂಡೆ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಜಮಖಾನೆ ಕಳಿಸೋಲ್ಲ. ಅಲ್ಲೇ ಒಂದು ಮ್ಯಾಟು ತಗೋ, ನಿನಗೆ ಬೇಕಾದ ಬಣ್ಣದ್ದು. ಎಷ್ಟು ದಿನ ಮಾಡಿದೆ, ಯಾವತ್ತು ತಪ್ಪಿತು ಅಂತ ನಾನು ಕೇಳೋಲ್ಲ, ನಿಮ್ಮಮ್ಮನ ಕೈಲೂ ಕೇಳಿಸೋಲ್ಲ.

ಒಂದು ಮಾತ್ರ ಕೇಳಬೇಕು. ಆ ಕುತ್ತಿಗೆ ಈಗಲೂ ಚಳಿಗೆ ಹಿಡಕೊಳ್ಳುತ್ತಾ? ಬಲಗಡೆ, ಕಿವಿಯ ಕೆಳಗೆ? ನಿಜ ತಿಳಿಸು.

ನಿನ್ನ
ಅಪ್ಪ