ಅಂತರ ಕಡಿಮೆ ಇದ್ದಾಗ ಪಟಾಕಿಗೆ ಅವಸರ ಬೇಡ

ಮಾನ್ಯ ಸಂಪಾದಕರೇ,

ಗ್ರಾಮ ಪಂಚಾಯತ್ ಚುನಾವಣೆಯ ಮಾತು ಊರೂರಲ್ಲಿ ಎದ್ದಿದೆ. ಎರಡು ಮತ, ಐದು ಮತದಲ್ಲಿ ಸೋಲು ಗೆಲುವು ತೀರ್ಮಾನವಾಗುವುದು ಈ ಚುನಾವಣೆಯಲ್ಲೇ ಹೆಚ್ಚು. ವಿಧಾನಸಭೆಗೂ ಅದು ಹೊಸದಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಅಂತರ 16, ನಮ್ಮ ಕುಮಟಾದಲ್ಲಿ 676. ಆ 676ನ್ನು ಕ್ಷೇತ್ರದ ಇನ್ನೂರು ಚಿಲ್ಲರೆ ಮತಗಟ್ಟೆಗಳಿಗೆ ಹಂಚಿದರೆ ಒಂದೊಂದಕ್ಕೆ ಮೂರರ ಆಸುಪಾಸು ಬರುತ್ತದೆ. ಇಂಥ ಮತ ಎಣಿಕೆಯ ದಿನ ಯಾವಾಗ ಕುಣಿಯಬೇಕು, ಎಲ್ಲಿ ಕುಣಿಯಬೇಕು ಎಂದು ಬೆಂಬಲಿಗರಿಗೆ ಹೇಳುವವರು ಯಾರೂ ಇರುವುದಿಲ್ಲ. ಅದನ್ನು ಅಭ್ಯರ್ಥಿಯ ಕಡೆಯವರೇ ಹಿಂದಿನ ದಿನ ಕೂಡಿಸಿ ಹೇಳಬೇಕು.

ಎಣಿಕೆ ಕೇಂದ್ರದ ಹೊರಗಿನವರಿಗೆ ಗೊತ್ತಾಗುವುದು ‘ಮುನ್ನಡೆ’ ಮಾತ್ರ. ಒಂದು ವಿಧಾನಸಭಾ ಕ್ಷೇತ್ರಕ್ಕೆ ಸಾಮಾನ್ಯವಾಗಿ 14 ಮೇಜು ಹಾಕುತ್ತಾರೆ. ಮತಗಟ್ಟೆಯ ಕ್ರಮಸಂಖ್ಯೆ ಹಿಡಿದು ಸುತ್ತಿಗೆ ಹದಿನಾಲ್ಕರಂತೆ ಯಂತ್ರಗಳು ಮೇಜಿಗೆ ಬರುತ್ತವೆ. ಹಾಗಾಗಿ ಮೊದಲ ಸುತ್ತುಗಳಲ್ಲಿ ಕ್ಷೇತ್ರದ ಒಂದು ತುದಿಯ ಮತ, ಕೊನೆಗೆ ಇನ್ನೊಂದು ತುದಿಯದು. ಹತ್ತನೇ ಸುತ್ತಿನಲ್ಲಿ ಎರಡು ಸಾವಿರ ಮುಂದಿದ್ದವರು ಹದಿನೈದನೇ ಸುತ್ತಿಗೆ ಹಿಂದೆ ಬಿದ್ದರೆ ಯಾರೋ ಏನೋ ಕೈವಾಡ ಮಾಡಿದರು ಎಂದು ಅನುಮಾನಿಸಬೇಕಿಲ್ಲ, ಇನ್ನೊಂದು ಕಡೆಯ ಊರುಗಳು ಬಂದವು ಅಷ್ಟೇ.

ಕೊನೆಯ ಸುತ್ತು ಮುಗಿದರೂ ಕೆಲಸ ಮುಗಿಯುವುದಿಲ್ಲ. ಅಂತರ ಕಡಿಮೆ ಇದ್ದಾಗ ನಿಜವಾದ ಕೆಲಸ ಶುರುವಾಗುವುದೇ ಆಗ. ಡಿಸ್‌ಪ್ಲೇ ಬಾರದ ಯಂತ್ರ, ಪರೀಕ್ಷೆಗೆಂದು ನಡೆಸಿದ ಅಣಕು ಮತದಾನದ ಲೆಕ್ಕ ಅಳಿಸದೇ ಬಿಟ್ಟ ಯಂತ್ರ, ಮತಗಟ್ಟೆಯಲ್ಲಿ ಎಷ್ಟು ಮತ ಬಿದ್ದವೆಂದು ಬರೆದಿಟ್ಟ 17ಸಿ ನಮೂನೆಯ ಲೆಕ್ಕಕ್ಕೆ ತಾಳೆಯಾಗದ ಯಂತ್ರ, ಇವನ್ನು ಎಣಿಸದೆ ಬದಿಗಿಟ್ಟಿರುತ್ತಾರೆ. ಅಂತರ ಐನೂರಿದ್ದು ಒಂದು ಯಂತ್ರದಲ್ಲಿ ಎಂಟುನೂರು ಮತ ಇದ್ದರೆ ಅದರ ವಿವಿಪ್ಯಾಟ್ (ಮತ ಯಾರಿಗೆ ಬಿತ್ತೆಂದು ಮುದ್ರಿಸುವ ಯಂತ್ರ) ಚೀಟಿಗಳನ್ನು ಎಣಿಸಲೇಬೇಕು. ಅಂಚೆ ಮತದ್ದೂ ಹಾಗೆಯೇ. ಘೋಷಣಾ ಪತ್ರಕ್ಕೆ ಸಹಿ ಇಲ್ಲ, ದೃಢೀಕರಣ ಇಲ್ಲ, ಪತ್ರದ ಮೇಲಿನ ಸಂಖ್ಯೆಗೂ ಒಳಲಕೋಟೆಯ ಸಂಖ್ಯೆಗೂ ಹೊಂದುವುದಿಲ್ಲ ಎಂದು ತಿರಸ್ಕರಿಸಿದ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ ಚುನಾವಣಾಧಿಕಾರಿ ಅವನ್ನೆಲ್ಲ ಮತ್ತೊಮ್ಮೆ ಪರಿಶೀಲಿಸಬೇಕು. ಇದಲ್ಲದೆ ಚೀಟಿ ಎತ್ತಿ ಆರಿಸಿದ ಐದು ಮತಗಟ್ಟೆಗಳ ವಿವಿಪ್ಯಾಟ್ ಎಣಿಕೆ ಒಂದಾದ ಮೇಲೊಂದರಂತೆ ನಡೆಯುತ್ತದೆ, ಅದಕ್ಕೇ ಗಂಟೆಗಟ್ಟಲೆ ಬೇಕು. ಸೋತವರ ಕಡೆಯಿಂದ ಮರುಎಣಿಕೆಗೆ ಕಾರಣ ಸಹಿತ ಲಿಖಿತ ಅರ್ಜಿ ಬಂದರೆ ಅದನ್ನು ಇತ್ಯರ್ಥ ಮಾಡಿ, ಅಂತಿಮ ಫಲಿತಾಂಶದ ಪಟ್ಟಿಯಾದ 20ನೇ ನಮೂನೆಗೆ ಸಹಿ ಹಾಕಿ, ಫಲಿತಾಂಶ ಘೋಷಿಸಿ, 22ನೇ ನಮೂನೆಯ ಪ್ರಮಾಣಪತ್ರ ಕೊಟ್ಟ ಮೇಲೆಯೇ ಗೆಲುವು. ಅಲ್ಲಿಯವರೆಗೆ ಸರಪಟಾಕಿಯ ಪೊಟ್ಟಣ ಬಿಚ್ಚಬಾರದು.

ಪಂಚಾಯತ್ ಎಣಿಕೆ ಇದಕ್ಕಿಂತ ಸೂಕ್ಷ್ಮ. 2020ರ ಡಿಸೆಂಬರ್‌ನಲ್ಲಿ ಬೀದರ್ ಬಿಟ್ಟರೆ ಉಳಿದೆಲ್ಲ ಕಡೆ ಕಾಗದದ ಮತಪತ್ರ. ಎರಡು ಚಿಹ್ನೆಯ ನಡುವಿನ ಗೆರೆಯ ಮೇಲೆ ಬಿದ್ದ ಮುದ್ರೆ ಯಾರಿಗೆ ಸೇರಿತು ಎನ್ನುವ ಒಂದೇ ಮತಪತ್ರ ಇಡೀ ವಾರ್ಡಿನ ಫಲಿತಾಂಶ ತಿರುಗಿಸಬಹುದು. ಸಮಸಮ ಬಂದರೆ ಚೀಟಿ ಎತ್ತುತ್ತಾರೆ. ಒಳಗೆ ಏಜೆಂಟರಿಗೆ ಮೊಬೈಲ್ ಬಿಡುವುದಿಲ್ಲವಾದ್ದರಿಂದ ಗೇಟಿನ ಹತ್ತಿರ ಬಂದವರು ಬಾಯಲ್ಲಿ ಹೇಳಿದ್ದೇ ಸುದ್ದಿ. “ನಮ್ಮವ ಬಂದ” ಎಂದು ಯಾರೋ ಕೂಗುತ್ತಾರೆ, ಅರ್ಧ ತಾಸಿನಲ್ಲಿ ಫಲಿತಾಂಶ ಬೇರೆಯಾಗುತ್ತದೆ. ಆಗಲೇ ಹಾರ ಹಾಕಿಸಿಕೊಂಡವರಿಗೆ ಆಗುವ ಅವಮಾನ ಸಣ್ಣದಲ್ಲ. ಗೇಟಿನ ಮುಂದೆ ಕೈ ಕೈ ಮಿಲಾಯಿಸುವುದು ಬಹಳ ಸಲ ಇಲ್ಲಿಂದಲೇ ಶುರುವಾಗುತ್ತದೆ. ಧ್ವನಿವರ್ಧಕದಲ್ಲಿ ಸುತ್ತಿನ ಅಂಕಿ ಓದುವ ಅಧಿಕಾರಿಗಳು ಅದರ ಜೊತೆಗೆ “ಇನ್ನು ಇಷ್ಟು ಎಣಿಕೆ ಬಾಕಿ, ಇಷ್ಟು ಮತ ತಿರಸ್ಕೃತ” ಎಂದೂ ಹೇಳಿದರೆ ಅರ್ಧ ಗಲಾಟೆ ಅಲ್ಲೇ ತಣಿಯುತ್ತದೆ. ಎಲ್ಲ ತಾಲೂಕುಗಳಲ್ಲೂ ಹಾಗೆ ಮಾಡಬೇಕೆಂದು ಜಿಲ್ಲಾಡಳಿತವನ್ನು ಕೇಳಿಕೊಳ್ಳುತ್ತೇನೆ.

ಇನ್ನು ಮೆರವಣಿಗೆ. ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುವುದು ಗುಲಾಲು. 2024ರ ನವೆಂಬರ್‌ನಲ್ಲಿ ಬೆಳಗಾವಿಗೆ ಹತ್ತಿರದ, ಕೊಲ್ಲಾಪುರ ಜಿಲ್ಲೆಯ ಚಂದಗಡ ಕ್ಷೇತ್ರದಲ್ಲಿ ಗೆದ್ದವರಿಗೆ ಹೆಂಗಸರು ಆರತಿ ಎತ್ತುತ್ತಿದ್ದಾಗ ಮೇಲಿನಿಂದ ಜೆಸಿಬಿಯಲ್ಲಿ ಗುಲಾಲು ಸುರಿದರು. ಅದು ಆರತಿಯ ದೀಪಕ್ಕೆ ತಗಲಿ ಭಗ್ ಎಂದು ಹೊತ್ತಿಕೊಂಡಿತು. ಗೆದ್ದ ಅಭ್ಯರ್ಥಿಗೂ ಸುಟ್ಟ ಗಾಯಗಳಾದವು. ಈಗಿನ ಗುಲಾಲು ಬಹುಪಾಲು ಜೋಳದ ಪಿಷ್ಟದ ಪುಡಿ. ನೆಲದಲ್ಲಿ ರಾಶಿ ಬಿದ್ದಿದ್ದರೆ ಸುಲಭಕ್ಕೆ ಉರಿಯುವುದಿಲ್ಲ. ಗಾಳಿಯಲ್ಲಿ ಮೋಡದಂತೆ ಹರಡಿದಾಗ ಒಂದೊಂದು ಕಣದ ಸುತ್ತಲೂ ಗಾಳಿ ಇರುತ್ತದೆ, ಒಂದು ಕಿಡಿ ಸಾಕು, ಕ್ಷಣದಲ್ಲಿ ಮೋಡವೆಲ್ಲ ಬೆಂಕಿ. ನಮ್ಮಲ್ಲೂ ಮನೆಮನೆ ಬಾಗಿಲಲ್ಲಿ ಆರತಿ ಎತ್ತುವ ರೂಢಿ ಇದೆ. ಆರತಿ ಮುಗಿಸಿ, ದೀಪ ಒಳಗೆ ಹೋದ ಮೇಲೆ ಬಣ್ಣ ಹಚ್ಚಲಿ, ಅದೂ ಕೈಯಲ್ಲಿ ಕೆನ್ನೆಗೆ. ಬಕೆಟ್ಟಿನಿಂದ ಎರಚುವುದು, ಜೆಸಿಬಿಯಿಂದ ಸುರಿಯುವುದು ಬೇಡವೇ ಬೇಡ. ಹೊಳೆಯುವ ಜರಿ ಕಾಗದ ಹಾರಿಸುವ ಕೊಳವೆಗಳನ್ನು ವಿದ್ಯುತ್ ತಂತಿಯ ಕೆಳಗೆ ಬಳಸಬಾರದು. ಆ ಜರಿಗೆ ಲೋಹದ ಲೇಪ ಇರುತ್ತದೆ.

ಪಟಾಕಿಯ ವಿಷಯದಲ್ಲಿ ಸರ್ಕಾರದ ನಿಲುವು ಸ್ಪಷ್ಟವಿದೆ. 2023ರ ಅಕ್ಟೋಬರ್‌ನಲ್ಲಿ ಅತ್ತಿಬೆಲೆಯ ಪಟಾಕಿ ದಾಸ್ತಾನಿಗೆ ಬೆಂಕಿ ಬಿದ್ದು ಜನ ಸತ್ತ ಮೇಲೆ ರಾಜಕೀಯ ಮೆರವಣಿಗೆಗಳಲ್ಲಿ ಪಟಾಕಿ ಬೇಡವೆಂದು ಮುಖ್ಯಮಂತ್ರಿಯೇ ಹೇಳಿದ್ದರು. ನಮ್ಮ ಕಡೆ ಇನ್ನೂ ಒಂದು ಕಾರಣ ಇದೆ. ಡಿಸೆಂಬರ್ ಕೊನೆಗೆ ಗದ್ದೆ ಕೊಯ್ಲು ಮುಗಿದು ಮನೆಯ ಪಕ್ಕದಲ್ಲೇ ಹುಲ್ಲಿನ ಕುತ್ರಿ ಒಟ್ಟಿರುತ್ತಾರೆ, ಮೇ ತಿಂಗಳಲ್ಲಿ ಬೆಟ್ಟದ ತರಗೆಲೆ ಸೀದು ಕೂತಿರುತ್ತದೆ, ಬಂದರಿನ ಬದಿಗೆ ನೈಲಾನ್ ಬಲೆ ರಾಶಿ ಇರುತ್ತದೆ. ರಾಕೆಟ್ಟು ಎಲ್ಲಿ ಬೀಳುತ್ತದೆಂದು ಬಿಟ್ಟವನಿಗೂ ಗೊತ್ತಿರುವುದಿಲ್ಲ. ವರ್ಷದ ಮೇವು ಹತ್ತು ನಿಮಿಷದಲ್ಲಿ ಬೂದಿಯಾದರೆ ಆ ಮನೆಯ ದನಕ್ಕೆ ಗೆದ್ದ ಸದಸ್ಯ ಹುಲ್ಲು ತರುತ್ತಾನೆಯೇ?

ಕೊನೆಯದು ರಸ್ತೆ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ. ಹೃದಯಾಘಾತ, ತಲೆಗೆ ಪೆಟ್ಟು ಎಂದರೆ ಆಂಬುಲೆನ್ಸ್ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು, ಕರಾವಳಿಯವರಿಗೆ ಇರುವುದು ರಾಷ್ಟ್ರೀಯ ಹೆದ್ದಾರಿ 66 ಒಂದೇ. ಅದರ ಮೇಲೆ ಬೈಕ್ ರ‍್ಯಾಲಿ ಬೇಡ. ಮೆರವಣಿಗೆಯ ಬದಲು ಊರಿನ ಒಂದು ಮೈದಾನದಲ್ಲಿ ಸೇರಲಿ, ಡೊಳ್ಳು ಪಂಚವಾದ್ಯ ಅಲ್ಲೇ ಬಾರಿಸಲಿ. ರಸ್ತೆಗೆ ಇಳಿಯಲೇಬೇಕೆಂದರೆ ಎಡಬದಿಗೆ ಹಗ್ಗ ಹಿಡಿದು ಸಾಗಲಿ. ಹಗ್ಗದ ಮುಂದೆ ಇಬ್ಬರು, ಹಿಂದೆ ಇಬ್ಬರು ಸೀಟಿ ಹಿಡಿದವರು ಇರಬೇಕು, ಸೈರನ್ ಕೇಳಿದ ಕೂಡಲೇ ವಾದ್ಯ ನಿಲ್ಲಿಸಬೇಕು. ಸೋತವರ ಮನೆಯ ಮುಂದೆ ಡೊಳ್ಳು ನಿಲ್ಲಿಸಿ ಬಾರಿಸಬಾರದು. ಐದು ಮತದ ಅಂತರವೆಂದರೆ ಆ ಕೇರಿಯ ಅರ್ಧ ಜನ ಅವರಿಗೇ ಹಾಕಿದ್ದಾರೆ, ನಾಳೆ ನಲ್ಲಿ ನೀರಿಗೆ ಅವರೂ ಇದೇ ಸದಸ್ಯನ ಬಾಗಿಲಿಗೆ ಬರುವವರು.

– ಓರ್ವ ಓದುಗ, ಕುಮಟಾ